ಕುದುರೆಮುಖ: ಗಣಿಗಾಗಿ ಹುಟ್ಟಿ, ಗಣಿ ನಿಂತಾಗ ಖಾಲಿಯಾದ ಊರು (ಪದೇ ಪದೇ ಕೇಳುವ ಪ್ರಶ್ನೆಗಳು)

ಕಳಸ ದಾಟಿ ಕಾರ್ಕಳದ ಕಡೆ ಹೊರಟವರಿಗೆ ಕುದುರೆಮುಖದ ಟೌನ್‌ಶಿಪ್ ಸಿಗುತ್ತದೆ. ಅಲ್ಲಿ ಸಾಲು ಸಾಲು ಖಾಲಿ ಕ್ವಾರ್ಟರ್ಸ್ ಇವೆ. ಮಾಡು ಕುಸಿದಿದೆ, ಗೋಡೆಗೆ ಪಾಚಿ ಹಿಡಿದಿದೆ, ಒಳಗೆ ಗಿಡ ಬೆಳೆದಿದೆ. ಫೋಟೊ ನೋಡಿದವರು 'ದೆವ್ವದ ಊರು' ಅಂತ ಸುಲಭವಾಗಿ ಹೆಸರಿಟ್ಟುಬಿಡುತ್ತಾರೆ. ಅಲ್ಲಿ ನಡೆದದ್ದು ಅದಕ್ಕಿಂತ ಎಷ್ಟೋ ದೊಡ್ಡ ವಿಷಯ. ಒಂದು ತಲೆಮಾರಿನ ಬದುಕು, ಒಂದು ನದಿಯ ಹಣೆಬರಹ, ಒಂದು ಕೋರ್ಟ್ ತೀರ್ಪು ಎಲ್ಲ ಅದರಲ್ಲಿವೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕುದುರೆಮುಖ ಅಂದರೆ ಬೆಟ್ಟವಾ, ಊರಾ, ಕಾಡಾ?

ಮೂರೂ ಹೌದು. ಗೊಂದಲ ಶುರುವಾಗುವುದೇ ಇಲ್ಲಿಂದ.

ಬೆಟ್ಟ ಅಂದರೆ ಕುದುರೆಮುಖ ಶಿಖರ. ಎತ್ತರ ಸುಮಾರು 1,890 ಮೀಟರ್. ಚಾರಣಕ್ಕೆ ಹೋಗುವವರು ಸಂಸೆ, ಬಾಳಗಲ್ ಕಡೆಯಿಂದ ಮುಳ್ಳೋಡಿಗೆ ಬಂದು ಅಲ್ಲಿಂದ ಹತ್ತುತ್ತಾರೆ. ಊರು ಅಂದರೆ ಗಣಿ ಕಂಪನಿ ಕಟ್ಟಿದ ಟೌನ್‌ಶಿಪ್. ಅದು ಭದ್ರಾ ನದಿಯ ಮಗ್ಗುಲಿಗೆ, ಮೊದಲು ಮಲ್ಲೇಶ್ವರ ಅಂತ ಕರೆಯುತ್ತಿದ್ದ ಜಾಗದಲ್ಲಿದೆ. ಕಾಡು ಅಂದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಸುಮಾರು 600 ಚದರ ಕಿಲೋಮೀಟರ್ ಹರಡಿರುವ ಈ ಕಾಡು ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರು ಜಿಲ್ಲೆಗಳಿಗೂ ಸೇರಿದೆ. ಈ ಪುಟದಲ್ಲಿ ಸುಮ್ನೆ 'ಊರು' ಅಂದರೆ ಟೌನ್‌ಶಿಪ್ ಅಂತ ತಿಳಿಯಿರಿ.

ಅಲ್ಲಿ ಕಬ್ಬಿಣದ ಅದಿರು ಇದೆ ಅಂತ ಯಾವಾಗ ಗೊತ್ತಾಯಿತು?

1913ರಲ್ಲಿ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಈ ಬೆಟ್ಟಗಳಲ್ಲಿ ಅದಿರು ಇರುವುದನ್ನು ದಾಖಲಿಸಿದರು. ಆದರೆ ಅದಾಗಿ ಅರವತ್ತು ವರ್ಷಕ್ಕೂ ಜಾಸ್ತಿ ಕಾಲ ಅದನ್ನು ಯಾರೂ ಮುಟ್ಟಲಿಲ್ಲ.

ಕಾರಣ ಇತ್ತು. ಇಲ್ಲಿನದು ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ) ಅದಿರು, ಅದರಲ್ಲಿ ಕಬ್ಬಿಣದ ಅಂಶ ಸುಮಾರು ಶೇ. 38 ಅಷ್ಟೆ. ಬಳ್ಳಾರಿ, ಸಂಡೂರಿನ ಒಳ್ಳೆಯ ಅದಿರಿನಲ್ಲಿ ಶೇ. 60ಕ್ಕಿಂತ ಹೆಚ್ಚಿರುತ್ತದೆ. ಅಲ್ಲಿ ಅಗೆದು ಲಾರಿಗೆ ತುಂಬಿದರೆ ಆಯಿತು. ಇಲ್ಲಿ ಅಗೆದದ್ದನ್ನು ಪುಡಿ ಮಾಡಿ, ಕಲ್ಲಿನಿಂದ ಕಬ್ಬಿಣವನ್ನು ಬೇರೆ ಮಾಡದೆ ಮಾರುವಂತೆಯೇ ಇಲ್ಲ. ಜೊತೆಗೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೇರೆ. ದಾರಿಯೂ ಇಲ್ಲದ ಈ ಘಟ್ಟಕ್ಕೆ ದೊಡ್ಡ ಯಂತ್ರ ತರಬೇಕಾದರೆ ಯಾರಾದರೂ ಭಾರೀ ದುಡ್ಡು ಸುರಿಯಲೇಬೇಕಿತ್ತು.

ಆ ದುಡ್ಡು ಕೊಟ್ಟವರು ಯಾರು? ಇರಾನ್ ಹೆಸರು ಏಕೆ ಬರುತ್ತದೆ?

ಇರಾನ್ ಕೊಟ್ಟಿತು, ಅದೂ ಮಾತಾದದ್ದರಲ್ಲಿ ಅರ್ಧಕ್ಕಿಂತ ಕಡಿಮೆ.

1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿ ಇರಾನ್ ಹತ್ತಿರ ಕೈತುಂಬ ಹಣವಿತ್ತು. ಅಲ್ಲಿನ ಶಾ ದೊಡ್ಡ ಉಕ್ಕಿನ ಕಾರ್ಖಾನೆಗಳನ್ನು ಕಟ್ಟಬೇಕು ಅಂತಿದ್ದರು. ಅದಕ್ಕೆ ಅದಿರು ಬೇಕಿತ್ತು. 1975ರ ನವೆಂಬರ್‌ನಲ್ಲಿ ಭಾರತ ಮತ್ತು ಇರಾನ್ ನಡುವೆ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡಬೇಕು, 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರಿನ ಪುಡಿ ಕೊಳ್ಳಬೇಕು ಅಂತ ಮಾತಾಯಿತು. ಇದಕ್ಕಾಗಿಯೇ 1976ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯನ್ನು ಶುರು ಮಾಡಿತು. ಎಲ್ಲರ ಬಾಯಲ್ಲಿ ಅದು ಕೆಐಒಸಿಎಲ್.

ಆಮೇಲೆ ನಡೆದ ಕೆಲಸ ಸಣ್ಣದಲ್ಲ. ಎಂಥ ಮಳೆಗಾಲ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅಂಥ ಮಳೆಯಲ್ಲಿ, ನಾಲ್ಕೇ ನಾಲ್ಕು ವರ್ಷದಲ್ಲಿ ರಸ್ತೆ, ಗಣಿ, ಕಾರ್ಖಾನೆ, ಪೈಪ್‌ಲೈನ್, ಅಣೆಕಟ್ಟು, ಊರು ಎಲ್ಲವನ್ನೂ ಕಟ್ಟಿದರು. 1980ರ ಆಗಸ್ಟ್‌ಗೆ, ಹೇಳಿದ ಸಮಯಕ್ಕೇ, ಕಾರ್ಖಾನೆ ಸಿದ್ಧವಾಯಿತು. ಗಣಿಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಅದನ್ನು ಕಟ್ಟಿದ ಕಾರ್ಮಿಕರು ಮತ್ತು ಎಂಜಿನಿಯರ್‌ಗಳ ಶ್ರಮಕ್ಕೆ ಗೌರವ ಕೊಡಲೇಬೇಕು.

ಆದರೆ ಅಷ್ಟರಲ್ಲಿ ಕೊಳ್ಳುವವನೇ ಇರಲಿಲ್ಲ! 1979ರಲ್ಲಿ ಇರಾನ್‌ನಲ್ಲಿ ಕ್ರಾಂತಿಯಾಯಿತು. ಶಾ ದೇಶ ಬಿಟ್ಟರು. ಸುಮಾರು 25.5 ಕೋಟಿ ಡಾಲರ್ ಬಂದ ಮೇಲೆ ಸಾಲ ನಿಂತಿತು. ಅದಿರು ತೆಗೆದುಕೊಳ್ಳುವ ಮಾತೂ ಬಿದ್ದುಹೋಯಿತು. ಒಂದೇ ಗಿರಾಕಿಯನ್ನು ನಂಬಿ ಕಟ್ಟಿದ ಕಾರ್ಖಾನೆ ಬೇರೆ ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಬೇಕಾಯಿತು. ಪುಡಿಯನ್ನು ಹಾಗೇ ಮಾರುವುದಕ್ಕಿಂತ ಉಂಡೆ ಮಾಡಿ ಮಾರಿದರೆ ಒಳ್ಳೆಯ ಬೆಲೆ ಸಿಗುತ್ತದೆ ಅಂತ 1987ರಲ್ಲಿ ಮಂಗಳೂರಿನಲ್ಲಿ ಪೆಲೆಟ್ ಕಾರ್ಖಾನೆ ಶುರುವಾಯಿತು. ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯ. ಕಂಪನಿ ಕಾಲೂರಿ ನಿಂತದ್ದು ಅದಾದ ಮೇಲೆ.

ಘಟ್ಟದ ಮೇಲಿನ ಅದಿರು ಮಂಗಳೂರು ಬಂದರಿಗೆ ಹೋಗುತ್ತಿದ್ದದ್ದು ಹೇಗೆ? ಲಾರಿಯಲ್ಲಾ?

ಲಾರಿಯಲ್ಲಿ ಅಲ್ಲ, ರೈಲಿನಲ್ಲೂ ಅಲ್ಲ. ಪೈಪಿನಲ್ಲಿ.

ಆರೋಳಿ ಗಣಿಯಲ್ಲಿ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಿದ್ದರು. ಸಿಡಿಸಿದ ಕಲ್ಲನ್ನು ದೈತ್ಯ ಡಂಪರ್‌ಗಳು ಕ್ರಷರ್‌ಗೆ ತರುತ್ತಿದ್ದವು. ಅಲ್ಲಿಂದ ದೊಡ್ಡ ಗಿರಣಿಗೆ. ನುಣ್ಣಗೆ ಅರೆದ ಪುಡಿಯಿಂದ ಅಯಸ್ಕಾಂತ ಹಾಕಿ ಕಬ್ಬಿಣದ ಭಾಗವನ್ನು ಎತ್ತುತ್ತಿದ್ದರು. ಶೇ. 38 ಇದ್ದದ್ದು ಹೀಗೆ ಶೇ. 67ಕ್ಕೆ ಏರುತ್ತಿತ್ತು. ಅದಕ್ಕೆ ನೀರು ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ತಂದು 67 ಕಿಲೋಮೀಟರ್ ಉದ್ದದ ಉಕ್ಕಿನ ಪೈಪಿಗೆ ಬಿಡುತ್ತಿದ್ದರು. ಘಟ್ಟದ ಇಳಿಜಾರೇ ಅದನ್ನು ಕೆಳಗೆ ಒಯ್ಯುತ್ತಿತ್ತು. ಪಣಂಬೂರಿನಲ್ಲಿ ನೀರು ಸೋಸಿ ಪುಡಿಯನ್ನು ಹಡಗಿಗೆ ತುಂಬುತ್ತಿದ್ದರು.

ವರ್ಷಕ್ಕೆ 75 ಲಕ್ಷ ಟನ್ ಪುಡಿ ತೆಗೆಯುವ ಹಾಗೆ ಕಾರ್ಖಾನೆ ಕಟ್ಟಿದ್ದರು. ಒಂದು ಟನ್ ಪುಡಿಗೆ ಸುಮಾರು ಮೂರು ಟನ್ ಬೆಟ್ಟ ಬೇಕು. ಉಳಿದ ಎರಡು ಟನ್ ಎಲ್ಲಿ ಹೋಯಿತು ಅನ್ನುವುದೇ ಈ ಊರಿನ ಕಥೆಯ ಮುಖ್ಯ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ಊರು ಆಗ ಹೇಗಿತ್ತು?

ಕಂಪನಿ ಊರು ಹೇಗಿರುತ್ತದೋ ಹಾಗೆ. ದರ್ಜೆಗೆ ತಕ್ಕ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಬ್ಯಾಂಕ್, ಅಂಚೆ ಕಚೇರಿ, ಆಟದ ಮೈದಾನ, ಕ್ಲಬ್. ದೇವಸ್ಥಾನ, ಚರ್ಚ್, ಮಸೀದಿ. ನೀರು, ಕರೆಂಟು ಎಲ್ಲ ಕಂಪನಿಯದೇ. ಆಗಿನ ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಸಂಜೆಯಾದರೆ ಚಿಮಣಿ ಬುಡ್ಡಿ ಹಚ್ಚುತ್ತಿದ್ದರು. ಇಲ್ಲಿ ಬೀದಿ ದೀಪದಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಕಳಸ, ಹೊರನಾಡು, ಸಂಸೆಯ ಜನಕ್ಕೂ ಇಲ್ಲಿನ ಪೇಟೆ, ಆಸ್ಪತ್ರೆ ಹತ್ತಿರದ ಆಸರೆಯಾಗಿದ್ದವು.

ದೇಶದ ಮೂಲೆ ಮೂಲೆಯಿಂದ ಜನ ಬಂದಿದ್ದರು. ಒಂದೇ ಬೀದಿಯಲ್ಲಿ ಕನ್ನಡ, ತುಳು, ಕೊಂಕಣಿ, ಮಲಯಾಳ, ತಮಿಳು, ತೆಲುಗು, ಹಿಂದಿ ಕೇಳುತ್ತಿತ್ತು. ಅಲ್ಲಿ ಬೆಳೆದ ಮಕ್ಕಳಿಗೆ ಅದೇ ಸ್ವಂತ ಊರು. ಅಪ್ಪನ ಊರು ಕೇರಳವೋ ಬಿಹಾರವೋ ಇರಬಹುದು, ಅವರಿಗೆ ಊರು ಅಂದರೆ ಕುದುರೆಮುಖವೇ. ಈಗಲೂ ಆ ಹಳಬರು ಒಟ್ಟು ಸೇರಿದರೆ ಮಾತು ಮಳೆಯಿಂದಲೇ ಶುರುವಾಗುತ್ತದೆ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡದ ಮಳೆ, ಒಣಗದ ಯೂನಿಫಾರ್ಮ್, ಎದುರು ಮನೆ ಕಾಣದಷ್ಟು ಮಂಜು.

ಇಷ್ಟು ಚೆನ್ನಾಗಿದ್ದರೆ ಜನ ವಿರೋಧಿಸಿದ್ದು ಏಕೆ?

ಜಾಗ ಯಾವುದು ಅಂತ ನೋಡಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನ ಗಂಗಾಮೂಲದ ಸುತ್ತಮುತ್ತ. ಮೇಲೆ ಹುಲ್ಲಿನ ಬೋಳುಗುಡ್ಡ, ಗುಡ್ಡಗಳ ಸಂದಿಯಲ್ಲಿ ಶೋಲಾ ಅನ್ನುವ ದಟ್ಟ ಕಾಡು. ನೋಡುವುದಕ್ಕೆ ಬೋಳು ಅನ್ನಿಸುವ ಆ ಹುಲ್ಲೇ ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಹೊಳೆಗೆ ಬಿಡುವುದು. ಅದನ್ನು ಕೆತ್ತಿ, ಅದರ ಮೇಲೆ 7,000 ಮಿಲಿಮೀಟರ್ ಮಳೆ ಸುರಿದರೆ ಏನಾಗುತ್ತದೆ?

ಮಣ್ಣು ಭದ್ರೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಹೊಳೆ ಕೆಸರಾಗುತ್ತಿತ್ತು. ನೆರೆ ಬಂದಾಗ ಹೊಳೆಬದಿಯ ಗದ್ದೆ, ತೋಟಗಳಿಗೆ ಹೂಳು ನುಗ್ಗುತ್ತಿತ್ತು. ಅದೇ ನೀರು ಮುಂದೆ ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ ಹೋಗುತ್ತದೆ. ಶಿವಮೊಗ್ಗ, ದಾವಣಗೆರೆ ಕಡೆಯ ಗದ್ದೆಗಳು ಆ ಜಲಾಶಯವನ್ನೇ ನಂಬಿವೆ. ನದಿಯ ಹೂಳನ್ನು ಅಳೆದ ವಿಜ್ಞಾನಿಗಳು ಒಂದು ಮಾತು ತೋರಿಸಿಕೊಟ್ಟರು: ಜಲಾನಯನ ಪ್ರದೇಶದಲ್ಲಿ ಗಣಿಯ ಜಾಗ ತೀರಾ ಚಿಕ್ಕದು, ಆದರೆ ಹೂಳಿನಲ್ಲಿ ಅದರ ಪಾಲು ಅರ್ಧಕ್ಕಿಂತ ಜಾಸ್ತಿ. 'ಇಷ್ಟು ಸಣ್ಣ ಜಾಗದಿಂದ ಏನಾಗುತ್ತದೆ' ಅನ್ನುವ ವಾದಕ್ಕೆ ಅಲ್ಲೇ ಉತ್ತರ ಸಿಕ್ಕಿತು.

ಇನ್ನು ಕಾಡಿನ ಪ್ರಾಣಿಗಳು. ಸಿಂಗಳೀಕ ಅನ್ನುವ ಕೋತಿ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮರದಿಂದ ಮರಕ್ಕೆ ದಾಟಿ ಬದುಕುವ ಪ್ರಾಣಿ ಅದು. ಕಾಡು ತುಂಡಾದರೆ ಅದರ ಗುಂಪುಗಳು ಅಲ್ಲಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. 1980ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕದ ಸಮೀಕ್ಷೆ ಮಾಡಿ, ಈ ಕಾಡನ್ನು ಕಾಪಾಡಬೇಕು ಅಂತ ಸಲಹೆ ಕೊಟ್ಟರು. 1987ರಲ್ಲಿ ಸರ್ಕಾರ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಹೊರಡಿಸಿತು.

ಅಂದರೆ ರಾಷ್ಟ್ರೀಯ ಉದ್ಯಾನದ ನಡುವೆಯೇ ಗಣಿ ನಡೆಯುತ್ತಿತ್ತಾ?

ಹೌದು. ಗಣಿ ಮೊದಲು ಬಂತು, ಉದ್ಯಾನ ಆಮೇಲೆ. ಹಾಗಾಗಿ ಸುತ್ತ ಕಾಡು, ನಡುವೆ ಗಣಿ. ಗಣಿ ಗುತ್ತಿಗೆ, ಕಂಪನಿ ಹುಟ್ಟುವ ಮೊದಲೇ, 1969ರ ಜುಲೈನಿಂದ 30 ವರ್ಷಕ್ಕೆ ಇತ್ತು, 1999ರ ಜುಲೈಗೆ ಮುಗಿಯಿತು. ಕಂಪನಿ ಇನ್ನೂ 20 ವರ್ಷ ಕೇಳಿತು. ಗಂಗ್ರಿಕಲ್, ನೆಲ್ಲಿಬೀಡು ಕಡೆ ಹೊಸದಾಗಿ ಅಗೆಯುವ ಯೋಚನೆಯೂ ಇತ್ತು. ಪೂರ್ತಿ ಒಪ್ಪಿಗೆ ಸಿಗದಿದ್ದರೂ ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಮುಂದುವರಿಯಿತು. ನದಿಮೂಲ ಉಳಿಸಬೇಕು ಅನ್ನುವ ಹೋರಾಟ ಜೋರಾದದ್ದು ಈ ಹೊತ್ತಿನಲ್ಲಿ. ರೈತರು, ವಿದ್ಯಾರ್ಥಿಗಳು, ಪರಿಸರದವರು ಬೀದಿಗಿಳಿದರು.

ಕೋರ್ಟಿಗೆ ಹೋದದ್ದು ಯಾರು? ತೀರ್ಪಿನಲ್ಲಿ ಏನಿತ್ತು?

ಹೋದವರು ಕೆ.ಎಂ. ಚಿಣ್ಣಪ್ಪ. ನಾಗರಹೊಳೆಯಲ್ಲಿ ರೇಂಜರ್ ಆಗಿ ಹೆಸರು ಮಾಡಿದ್ದ ಅವರು ಆಗ ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯಲ್ಲಿದ್ದರು. ದೇಶದ ಕಾಡುಗಳ ಬಗ್ಗೆ ಸುಪ್ರೀಂ ಕೋರ್ಟ್‌ನಲ್ಲಿ ಆಗಲೇ ನಡೆಯುತ್ತಿದ್ದ ಗೋದಾವರ್ಮನ್ ಪ್ರಕರಣದೊಳಗೆ 2001ರಲ್ಲಿ ಈ ಅರ್ಜಿ ಸೇರಿತು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು.

ತೀರ್ಪಿನ ತಿರುಳು ಹೀಗಿದೆ. ಆಗಲೇ ಅಗೆದು ತೆರೆದಿದ್ದ ಜಾಗದಲ್ಲಿ, ಮೇಲ್ಪದರದ ಶಿಥಿಲಗೊಂಡ ಅದಿರನ್ನು ಮಾತ್ರ ತೆಗೆಯಬಹುದು. ಅದಕ್ಕೂ 2005ರ ಕೊನೆಯವರೆಗಷ್ಟೇ ಸಮಯ. ಹೊಸ ಜಾಗ ಮುಟ್ಟುವಂತಿಲ್ಲ. ಕಂಪನಿ ಆಮೇಲೆ ಇನ್ನಷ್ಟು ಸಮಯ ಕೇಳಿದರೂ ಕೋರ್ಟ್ ಒಪ್ಪಲಿಲ್ಲ. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಒಬ್ಬ ನಿವೃತ್ತ ರೇಂಜರ್ ಕೇಂದ್ರ ಸರ್ಕಾರದ ಕಂಪನಿಯ ಎದುರು ನಿಂತು ಗೆದ್ದದ್ದು ನಮ್ಮ ರಾಜ್ಯದ ಇತಿಹಾಸದಲ್ಲಿ ದೊಡ್ಡ ಘಟನೆ. ಚಿಣ್ಣಪ್ಪನವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಶಾಲಾ ಪುಸ್ತಕದಲ್ಲಿ ಅವರ ಬಗ್ಗೆ ಒಂದು ಪಾಠ ಇರಬೇಕು ಅಂತ ನನಗೆ ಮನಸಾರೆ ಅನ್ನಿಸುತ್ತದೆ.

ಅದಿರು ಮುಗಿದುಹೋಗಿ ಗಣಿ ಮುಚ್ಚಿತು ಅಂತ ಕೇಳಿದ್ದೆ. ನಿಜವಾ?

ಅಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ನಿಂತಾಗ ಕಾರಣ ಖರ್ಚು. ಆಳಕ್ಕೆ ಹೋದಷ್ಟೂ ಚಿನ್ನ ಕಡಿಮೆ, ನಷ್ಟ ಜಾಸ್ತಿ. ಕುದುರೆಮುಖದಲ್ಲಿ ಹಾಗಾಗಲಿಲ್ಲ. ಮೇಲ್ಪದರದ ಕೆಳಗೆ ಗಟ್ಟಿ ಅದಿರು ಇನ್ನೂ ಬೇಕಾದಷ್ಟಿದೆ. ನಡೆಯುತ್ತಿದ್ದ ಗಣಿಯನ್ನು ನದಿ ಮತ್ತು ಕಾಡು ಅದಕ್ಕಿಂತ ಮುಖ್ಯ ಅಂತ ನಿಲ್ಲಿಸಿದ್ದು ಇಲ್ಲಿನ ವಿಶೇಷ. ಇಂಥದ್ದು ನಮ್ಮ ದೇಶದಲ್ಲಿ ಬಹಳ ಅಪರೂಪ.

ಅಲ್ಲಿದ್ದ ಜನ ಏನಾದರು?

ಕೆಲವರಿಗೆ ಮಂಗಳೂರಿನ ಕಾರ್ಖಾನೆಗೆ ವರ್ಗವಾಯಿತು. ಕೆಲವರು ಸ್ವಯಂ ನಿವೃತ್ತಿ ತೆಗೆದುಕೊಂಡು ಊರಿಗೆ ಹೋದರು. ಗುತ್ತಿಗೆ ಕೆಲಸದವರು, ಅಂಗಡಿಯವರು, ಹೋಟೆಲಿನವರು, ಮನೆಗೆಲಸದವರು ಇವರಿಗೆ ವರ್ಗವೂ ಇಲ್ಲ, ನಿವೃತ್ತಿಯ ಹಣವೂ ಇಲ್ಲ. ಪೆಟ್ಟು ಜಾಸ್ತಿ ಬಿದ್ದದ್ದು ಅವರಿಗೆ. ಅವರ ಲೆಕ್ಕ ಸರಿಯಾಗಿ ಯಾರೂ ಇಡಲಿಲ್ಲ ಅನ್ನುವುದು ನನ್ನ ಬೇಸರ. ಗಣಿ ನಿಲ್ಲಲೇಬೇಕಿತ್ತು ಅಂತ ನಾನು ಪೂರ್ತಿ ನಂಬುತ್ತೇನೆ. ತೀರ್ಪಿಗೂ ಗಣಿ ನಿಲ್ಲುವುದಕ್ಕೂ ನಡುವೆ ಮೂರು ವರ್ಷ ಇತ್ತಲ್ವಾ? ಆ ಸಮಯದಲ್ಲಿ ಅವರಿಗೊಂದು ದಾರಿ ಮಾಡಿಕೊಡಬೇಕಿತ್ತು.

ಕಂಪನಿ ಮಾತ್ರ ಮುಚ್ಚಲಿಲ್ಲ. ಬೇರೆ ಕಡೆಯಿಂದ, ಮುಖ್ಯವಾಗಿ ಛತ್ತೀಸ್‌ಗಢದ ಬೈಲಾಡಿಲದಿಂದ ಅದಿರು ತರಿಸಿ ಮಂಗಳೂರಿನಲ್ಲಿ ಪೆಲೆಟ್ ಮಾಡುವ ಕೆಲಸ ಮುಂದುವರಿಸಿತು.

ಗಣಿಗಿಂತ ಮೊದಲೇ ಅಲ್ಲಿದ್ದವರ ಕಥೆ ಏನು?

ಎಲ್ಲರೂ ಮರೆಯುವ ಪ್ರಶ್ನೆ ಇದು. ಈ ಬೆಟ್ಟಗಳಲ್ಲಿ ಮಲೆಕುಡಿಯರು, ಗೌಡರು ಮತ್ತೆ ಬೇರೆ ಬೇರೆ ಸಮುದಾಯದ ಕುಟುಂಬಗಳು ತಲೆಮಾರುಗಳಿಂದ ಇದ್ದವು. ಗದ್ದೆ, ಅಡಿಕೆ, ಏಲಕ್ಕಿ, ಕಾಡಿನ ಉತ್ಪನ್ನ ಅವರ ಬದುಕು. ಮೊದಲು ಗಣಿಗೆ ಅಂತ ಜಾಗ ಹೋಯಿತು. ಆಮೇಲೆ ರಾಷ್ಟ್ರೀಯ ಉದ್ಯಾನ ಆದಾಗ ಉಳಿದವರಿಗೂ ಎತ್ತಂಗಡಿಯ ಭಯ ಶುರುವಾಯಿತು. 'ಕಂಪನಿಗೆ ಬೆಟ್ಟ ಅಗೆಯಲು ಬಿಟ್ಟಿರಿ, ನಮ್ಮನ್ನು ಸೌದೆ ತರಲೂ ಬಿಡುವುದಿಲ್ಲವಾ' ಅನ್ನುವುದು ಅವರ ಪ್ರಶ್ನೆ. ಅದರಲ್ಲಿ ನ್ಯಾಯ ಇದೆ. 2000ದ ದಶಕದಲ್ಲಿ ನಕ್ಸಲ್ ಚಟುವಟಿಕೆ ಈ ಹಳ್ಳಿಗಳ ಸುತ್ತ ಬೆಳೆದದ್ದಕ್ಕೆ ಈ ಅಸಮಾಧಾನವೂ ಒಂದು ಕಾರಣ. ಕೆಲವು ಕುಟುಂಬಗಳು ಪರಿಹಾರ ಪಡೆದು ಹೊರಗೆ ಹೋದವು. ಇನ್ನೂ ಕೆಲವು ಒಳಗೇ ಇವೆ, ರಸ್ತೆ ಮತ್ತು ಕರೆಂಟಿಗೆ ಕಾಯುತ್ತಾ.

ಲಕ್ಯಾ ಅಣೆಕಟ್ಟು ಅಂದರೇನು? ಅದು ಕುಡಿಯುವ ನೀರಿನದ್ದಾ?

ಅಲ್ಲ. ಮೇಲೆ ಹೇಳಿದ ಆ 'ಉಳಿದ ಎರಡು ಟನ್' ಇರುವುದು ಇಲ್ಲಿ.

ಕಬ್ಬಿಣ ತೆಗೆದ ಮೇಲೆ ಉಳಿದ ಕಲ್ಲಿನ ಹುಡಿಯನ್ನು ಹೊಳೆಗೆ ಬಿಡುವ ಹಾಗಿರಲಿಲ್ಲ. ಅದಕ್ಕೆ ಭದ್ರಾ ಸೇರುವ ಲಕ್ಯಾ ಹೊಳೆಗೆ ಅಡ್ಡವಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಕಟ್ಟಿದರು. ಇಪ್ಪತ್ತೈದು ವರ್ಷ ಆ ಹುಡಿ ಕಣಿವೆಯಲ್ಲಿ ತುಂಬುತ್ತಾ ಬಂತು. ಈಗ ಅಲ್ಲಿರುವುದು ಕೋಟಿಗಟ್ಟಲೆ ಟನ್ ಹೂಳು. ಅದರ ಮೇಲೆ ನೀರು. ದೂರದಿಂದ ಚೆಂದದ ಕೆರೆ ಥರ ಕಾಣುತ್ತದೆ.

ನನ್ನ ಮಟ್ಟಿಗೆ ಈ ಊರಿನ ಬಗ್ಗೆ ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ ಇದೇ. ಖಾಲಿ ಮನೆ ಬಿದ್ದರೆ ಯಾರಿಗೂ ತೊಂದರೆಯಿಲ್ಲ. ಅಣೆಕಟ್ಟು ಹಾಗಲ್ಲ. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿಯಲ್ಲಿ ಕಬ್ಬಿಣ ಗಣಿಯ ಇಂಥದ್ದೇ ಹೂಳಿನ ಕಟ್ಟೆ ಒಡೆದು 270 ಜನ ಸತ್ತರು. ಆ ಗಣಿಯ ಕಟ್ಟೆಗೂ ಆಗ ಹೂಳು ತುಂಬುವುದು ನಿಂತಿತ್ತು. ಎರಡೂ ಕಟ್ಟೆಗಳನ್ನು ಕಟ್ಟಿದ ರೀತಿ ಬೇರೆ, ಹಾಗಾಗಿ ಹೆದರಿಸಲು ಇದನ್ನು ಹೇಳುತ್ತಿಲ್ಲ. ಗಣಿ ನಿಂತರೂ ಕಟ್ಟೆಯ ಕಾವಲು ನಿಲ್ಲಬಾರದು ಅಂತ ನೆನಪಿಸಲು ಹೇಳುತ್ತಿದ್ದೇನೆ. ಕೆಳಗೆ ಭದ್ರಾ ಇದೆ, ಕಳಸ ಇದೆ. ಇಷ್ಟು ಮಳೆ ಬೀಳುವ ಜಾಗದಲ್ಲಿ ಕೋಡಿ, ಇಳಿಜಾರು, ಸೋರಿಕೆ ಎಲ್ಲವನ್ನೂ ಪ್ರತಿವರ್ಷ ತಜ್ಞರು ನೋಡಬೇಕು. ನೋಡಿದ್ದನ್ನು ಕೆಳಗಿನ ಊರುಗಳಿಗೆ ಕನ್ನಡದಲ್ಲಿ ತಿಳಿಸಬೇಕು.

ಗಣಿ ನಿಂತ ಮೇಲೆ ಕಾಡು ವಾಪಸ್ ಬಂತಾ?

ಕೆಲವು ಕಡೆ ಬರುತ್ತಿದೆ, ಕೆಲವು ಕಡೆ ಇಲ್ಲ. ಟೌನ್‌ಶಿಪ್‌ನಲ್ಲಿ ಹಸಿರು ತಾನಾಗಿಯೇ ನುಗ್ಗಿದೆ. ಕಾಟಿ, ಕಡವೆ ಓಡಾಡುತ್ತವೆ. ಆದರೆ ಆರೋಳಿಯ ಕಡಿದ ಬೆಟ್ಟದಲ್ಲಿ ಮೇಲ್ಮಣ್ಣೇ ಇಲ್ಲ. ಅಲ್ಲಿ ಶೋಲಾ ಹುಟ್ಟಲು ನಮ್ಮ ಆಯುಷ್ಯ ಸಾಲದು.

ಇನ್ನೊಂದು ವಿಷಯ: ಕಂಪನಿ ಹಸಿರು ಮಾಡಲು ಅಕೇಶಿಯಾದಂಥ ಹೊರಗಿನ ಮರ ನೆಟ್ಟಿತ್ತು. ಹುಲ್ಲುಗಾವಲಿನಲ್ಲಿ ಮರ ನೆಟ್ಟರೆ ಅದು ಕಾಡು ಬೆಳೆಸಿದ ಹಾಗಲ್ಲ, ಹುಲ್ಲುಗಾವಲನ್ನು ಕೊಂದ ಹಾಗೆ. 2012ರಲ್ಲಿ ಪಶ್ಚಿಮ ಘಟ್ಟ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅದರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಇತ್ತು.

ಈಗ ಹೋಗಿ ನೋಡಬಹುದಾ? ಖಾಲಿ ಮನೆಗಳ ಒಳಗೆ?

ರಸ್ತೆಯಲ್ಲಿ ಹೋಗಬಹುದು. ಕಾರ್ಕಳ, ಬಜಗೋಳಿ, ಮಾಳ ದಾಟಿ ಎಸ್‌.ಕೆ. ಬಾರ್ಡರ್ (ದಕ್ಷಿಣ ಕನ್ನಡದ ಹಳೆಯ ಗಡಿ) ಮೇಲೆ ಒಂದು ದಾರಿ, ಕಳಸದಿಂದ ಇನ್ನೊಂದು. ಬಸ್ ಇದೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್‌ನಲ್ಲಿ ಚೀಟಿ ಕೊಡುತ್ತಾರೆ. ಕೊಟ್ಟ ಸಮಯದೊಳಗೆ ಕಾಡು ದಾಟಬೇಕು, ಎಲ್ಲೆಂದರಲ್ಲಿ ನಿಲ್ಲಿಸುವ ಹಾಗಿಲ್ಲ. ಶಿಖರಕ್ಕೆ ಹೋಗಲು ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು.

ಮನೆಗಳ ಒಳಗೆ ಹೋಗಬೇಡಿ. ಮಾಡು ಯಾವಾಗ ಬೀಳುತ್ತದೋ ಹೇಳಲಾಗದು, ಹಾವಿರುತ್ತದೆ, ಅನುಮತಿಯೂ ಇಲ್ಲ. ಊರು ಪೂರ್ತಿ ಖಾಲಿ ಅಂತಲೂ ಅಂದುಕೊಳ್ಳಬೇಡಿ. ಬೆರಳೆಣಿಕೆಯ ಕುಟುಂಬಗಳು, ಕಂಪನಿಯ ಮತ್ತು ಅರಣ್ಯ ಇಲಾಖೆಯ ಸಿಬ್ಬಂದಿ, ಅಂಗಡಿಯವರು ಈಗಲೂ ಇದ್ದಾರೆ. ಅವರ ಮನೆ ಎದುರು ನಿಂತು 'ದೆವ್ವ ಎಲ್ಲಿ' ಅಂತ ವಿಡಿಯೊ ಮಾಡುವುದು ಸರಿಯಲ್ಲ.

ಮತ್ತೆ ಗಣಿ ಶುರುವಾಗುತ್ತಾ?

ಕುದುರೆಮುಖದಲ್ಲಿ ಅದಕ್ಕೆ ಕಾನೂನಿನ ದಾರಿ ಇಲ್ಲ. ರಾಷ್ಟ್ರೀಯ ಉದ್ಯಾನ, ಸುಪ್ರೀಂ ಕೋರ್ಟ್ ಆದೇಶ ಎರಡೂ ಅಡ್ಡ ಇವೆ.

ಆದರೆ ಕಂಪನಿಗೆ ಸ್ವಂತ ಅದಿರು ಬೇಕು. ಅದಕ್ಕೆ ಬಳ್ಳಾರಿ ಜಿಲ್ಲೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ಮಂಜೂರಾಗಿದೆ. ಅಲ್ಲೂ ಸುಮಾರು 400 ಹೆಕ್ಟೇರ್ ಕಾಡು ಹೋಗುತ್ತದೆ. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರು ಈ ಯೋಜನೆಯ ಕಡತಕ್ಕೆ ಸಹಿ ಹಾಕಿದಾಗ ರಾಜ್ಯದಲ್ಲಿ ದೊಡ್ಡ ಗದ್ದಲವಾಯಿತು. ಕುದುರೆಮುಖದಲ್ಲಿ ಮಾಡಬೇಕಾದ ಕೆಲಸ ಇನ್ನೂ ಬಾಕಿ ಇದೆ, ಅದಕ್ಕೆ ಮೊದಲು ಹೊಸ ಕಾಡು ಕೊಡಬೇಡಿ ಅಂತ ರಾಜ್ಯದ ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ಆ ಮಾತಿನಲ್ಲಿ ರಾಜಕೀಯ ಎಷ್ಟಿದೆಯೋ ಇರಲಿ, ಕೇಳಿದ್ದು ಸರಿಯಾದದ್ದನ್ನೇ. ಲಕ್ಯಾದ ಹೂಳು ಮತ್ತು ಆರೋಳಿಯ ಕಡಿದ ಬೆಟ್ಟ ಎರಡರ ಹೊಣೆ ಇನ್ನೂ ತೀರಿಲ್ಲ.